ಲೆಕ್ಕ ಬಾರದವರ ಲೆಕ್ಕ

ಬೇಲೂರು ತಾಲ್ಲೂಕಿನ ಮಾದಿಹಳ್ಳಿ ನಮ್ಮ ತಾಯಿಯ ತವರು. ಹಳೇಬೀಡಿನ ಗುಡಿ ನೋಡಲು ದೂರದಿಂದ ಬರುವವರಲ್ಲಿ ಹೆಚ್ಚಿನವರು ಈ ಊರಿನ ಹೆಸರನ್ನು ಕೇಳಿರುವುದಿಲ್ಲ. ರಾಗಿ, ಜೋಳ, ಆಲೂಗಡ್ಡೆ, ತೆಂಗು ನಂಬಿಕೊಂಡು ಬದುಕುವ ಊರು. ಅಲ್ಲಿ ನಮ್ಮ ಖಾಲಾ, ಅಂದರೆ ತಾಯಿಯ ತಂಗಿ, ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಉರ್ದು ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಓದಿ ಬಿಟ್ಟವರು. ಕನ್ನಡವನ್ನು ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಮದುವೆಯ ಕರೆಯೋಲೆಗಳಲ್ಲಿ ಕಲಿತವರು. ಮಧ್ಯಾಹ್ನದ ನಮಾಜು ಮುಗಿಸಿ ಅವರು ಮಾಡುವ ಮೊದಲ ಕೆಲಸ ಕನ್ನಡ ಪತ್ರಿಕೆಯ ಒಳಪುಟ ತೆಗೆದು ಸುಡೊಕು ಬಿಡಿಸುವುದು. ಕೈಯಲ್ಲಿ ಮೊಂಡು ಪೆನ್ಸಿಲ್, ಪಕ್ಕದಲ್ಲಿ ಎಲೆ ಅಡಿಕೆ. ಮನೆಯವರು ಆ ಹೊತ್ತಿನಲ್ಲಿ ಅವರನ್ನು ಮಾತಾಡಿಸುವುದಿಲ್ಲ.

ಒಮ್ಮೆ ನಾವು ಹೋಗಿದ್ದಾಗ ಆ ದಿನದ ಕಠಿಣ ಚೌಕವನ್ನು ಅರ್ಧ ಗಂಟೆಯಲ್ಲಿ ಮುಗಿಸಿಟ್ಟಿದ್ದರು. ಖಾಲಾ, ನಿಮಗೆ ಲೆಕ್ಕ ಇಷ್ಟು ಚೆನ್ನಾಗಿ ಬರುತ್ತದೆಂದು ಗೊತ್ತಿರಲಿಲ್ಲ ಅಂದೆವು. ಅವರು ಕದ್ದು ಸಿಕ್ಕಿಬಿದ್ದವರಂತೆ ಪತ್ರಿಕೆ ಮಡಚಿಟ್ಟು, “ಹಿಸಾಬ್ ಮೇರೆಕು ಕಾಂ ಆತಾ ರೇ? ಯೇ ತೋ ಖಾಲಿ ಖೇಲ್ ಹೈ” ಅಂದರು. ಲೆಕ್ಕ ನನಗೆಲ್ಲಿ ಬರುತ್ತದಪ್ಪ, ಇದು ಬರೀ ಆಟ. ಪಕ್ಕದಲ್ಲಿ ಹತ್ತನೇ ತರಗತಿಯ ಗಣಿತ ಪುಸ್ತಕ ಹಿಡಿದು ಕೂತಿದ್ದ ಮೊಮ್ಮಗಳು ನಮ್ಮ ಮುಖ ನೋಡಿದಳು. ಅವಳಿಗೂ ಲೆಕ್ಕ ಬಾರದೆಂದು ಮನೆಯಲ್ಲಿ ಎಲ್ಲರೂ ಒಪ್ಪಿಬಿಟ್ಟಿದ್ದಾರೆ.

ಆಟ ಎಲ್ಲಿ ಮುಗಿಯುತ್ತದೆ, ಲೆಕ್ಕ ಎಲ್ಲಿ ಶುರುವಾಗುತ್ತದೆ? ಈ ಗೆರೆಯನ್ನು ಎಳೆದವರು ಯಾರು? ಖಾಲಾರ ಮಾತು ನಮ್ಮನ್ನು ಬಹಳ ದಿನ ಬಿಡಲಿಲ್ಲ. ಉತ್ತರ ಹುಡುಕುತ್ತ ಹೋದಾಗ ಮಾದಿಹಳ್ಳಿಯ ನೆರೆಯಲ್ಲೇ, ಸುಮಾರು ಒಂಬತ್ತು ಶತಮಾನಗಳ ಹಿಂದಿನ ಒಂದು ದಾರಿ ಸಿಕ್ಕಿತು.

ಮೊದಲು ಸುಡೊಕುವಿನ ಮಾತು. ಹೆಸರು ಜಪಾನಿನದಾದರೂ ಹುಟ್ಟು ಅಲ್ಲಿಯದಲ್ಲ. ಅಮೆರಿಕದ ವಾಸ್ತುಶಿಲ್ಪಿ ಹೊವಾರ್ಡ್ ಗಾರ್ನ್ಸ್ ರಚಿಸಿದ ಈ ಒಗಟು 1979ರಲ್ಲಿ ಡೆಲ್ ಸಂಸ್ಥೆಯ ಪತ್ರಿಕೆಯೊಂದರಲ್ಲಿ ಬೇರೆ ಹೆಸರಿನಿಂದ ಅಚ್ಚಾಯಿತು. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆ ಅದನ್ನು ಎತ್ತಿಕೊಂಡು ಜನಪ್ರಿಯಗೊಳಿಸಿತು. ಹಾಂಗ್‌ಕಾಂಗಿನಲ್ಲಿ ನ್ಯಾಯಾಧೀಶರಾಗಿ ನಿವೃತ್ತರಾದ ವೇಯ್ನ್ ಗೌಲ್ಡ್ ಅದನ್ನು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ತಲುಪಿಸಿದ್ದು 2004ರಲ್ಲಿ. ಮರುವರ್ಷದ ಹೊತ್ತಿಗೆ ಅದು ಲೋಕವನ್ನೆಲ್ಲ ಸುತ್ತಿತು, ನಮ್ಮ ಪತ್ರಿಕೆಗಳಿಗೂ ಬಂತು. ಒಂಬತ್ತು ಸಾಲು, ಒಂಬತ್ತು ಕಂಬ, ಒಂಬತ್ತು ಪುಟ್ಟ ಚೌಕ. ಒಂದರಿಂದ ಒಂಬತ್ತರವರೆಗಿನ ಅಂಕಿ ಯಾವುದರಲ್ಲೂ ಎರಡು ಸಲ ಬರಬಾರದು. ಇಷ್ಟೇ ನಿಯಮ.

ಇಲ್ಲಿ ಕೂಡುವುದಿಲ್ಲ, ಕಳೆಯುವುದಿಲ್ಲ. ಅಂಕಿಗಳ ಬದಲು ಒಂಬತ್ತು ಅಕ್ಷರಗಳನ್ನಿಟ್ಟರೂ ಆಟ ಕೆಡುವುದಿಲ್ಲ. ಹಾಗಾಗಿ ಇದು ಗಣಿತವಲ್ಲ ಎನ್ನುವವರು ಬಹಳ. ಗಣಿತ ಬಲ್ಲವರು ಮಾತ್ರ ಇದೇ ನಿಜವಾದ ಗಣಿತ ಎನ್ನುತ್ತಾರೆ. ಈ ಅಂಕಿ ಇಲ್ಲಿ ಕೂರಲಾರದು, ಅಲ್ಲಿಯೂ ಕೂರಲಾರದು, ಆದ್ದರಿಂದ ಇಲ್ಲೇ ಇರಬೇಕು. ಈ ‘ಆದ್ದರಿಂದ’ ಎಂಬುದೇ ಗಣಿತದ ಜೀವ. ಅಂಥ ತುಂಬಿದ ಚೌಕಗಳು ಒಟ್ಟು ಎಷ್ಟು ಸಾಧ್ಯ ಎಂದು 2005ರಲ್ಲಿ ಇಬ್ಬರು ಲೆಕ್ಕ ಹಾಕಿದಾಗ ಬಂದದ್ದು 22 ಅಂಕಿಗಳ ಸಂಖ್ಯೆ. ಒಂದೇ ಉತ್ತರವಿರುವ ಒಗಟಿಗೆ ಕನಿಷ್ಠ 17 ಅಂಕಿಗಳನ್ನಾದರೂ ಮೊದಲೇ ಕೊಟ್ಟಿರಬೇಕೆಂದು ಐರ್ಲೆಂಡಿನ ಗಣಿತಜ್ಞ ಗ್ಯಾರಿ ಮೆಗ್ವೈರ್ ಅವರ ತಂಡ 2012ರಲ್ಲಿ ಕಂಪ್ಯೂಟರಿನ ನೆರವಿನಿಂದ ತೋರಿಸಿತು. ಅಡುಗೆಮನೆಯ ಬಾಗಿಲಲ್ಲಿ ಕೂತು ಖಾಲಾ ಮಾಡುವ ಕೆಲಸಕ್ಕೂ ಈ ವಿದ್ವಾಂಸರ ಕೆಲಸಕ್ಕೂ ಇರುವ ಅಂತರ ಅಳತೆಯದು, ಜಾತಿಯದಲ್ಲ.

ಹಾಗಿದ್ದರೂ ಅವರಿಗೆ ಅದು ಲೆಕ್ಕವೆನಿಸುವುದಿಲ್ಲ. ನಮಗೂ ಎನಿಸುತ್ತಿರಲಿಲ್ಲ. ನಾವು ಮೊದಲು ಕಲಿತದ್ದು ಉರ್ದುವಿನಲ್ಲಿ, ಆಮೇಲೆ ಕನ್ನಡದಲ್ಲಿ. ಉರ್ದು ಶಾಲೆಯಲ್ಲಿ ಪಹಾಡೆ, ಕನ್ನಡ ಶಾಲೆಯಲ್ಲಿ ಮಗ್ಗಿ. ಎರಡನ್ನೂ ರಾಗವಾಗಿ ಹಾಡಿದ್ದೇವೆ. ಉರ್ದುವಿನಲ್ಲಿ ನೂರರವರೆಗಿನ ಹೆಚ್ಚುಕಡಿಮೆ ಪ್ರತಿ ಸಂಖ್ಯೆಗೂ ಬೇರೆಯೇ ಹೆಸರು. ಉನ್ಸಠ್ ಅಂದರೆ 59, ಉನ್ಹತ್ತರ್ ಅಂದರೆ 69, ಆದರೆ 89 ಮಾತ್ರ ನವಾಸಿ. ಕನ್ನಡಕ್ಕೆ ಬಂದಾಗ ಐವತ್ತೊಂಬತ್ತು, ಅರವತ್ತೊಂಬತ್ತು ಎಂದು ಸಂಖ್ಯೆಯೇ ತನ್ನನ್ನು ಬಿಡಿಸಿ ಹೇಳಿಕೊಂಡಿತು. ಇನ್ನೊಂದೆಡೆ ಸವ್ವಾ, ಡೇಢ್, ಢಾಯಿ ಎಂಬ ಭಿನ್ನರಾಶಿಗಳ ಒಂದೊಂದು ಪದದ ಹೆಸರು ಉರ್ದು ಕೊಟ್ಟ ಸುಖ. ಬಲದಿಂದ ಎಡಕ್ಕೆ ಓಡುವ ಉರ್ದು ಬರಹ ಸಂಖ್ಯೆ ಬಂದೊಡನೆ ದಿಕ್ಕು ಬದಲಿಸಿ ಎಡದಿಂದ ಬಲಕ್ಕೆ ನಡೆಯುವುದು ಆಗ ನಮಗೆ ದೊಡ್ಡ ಸೋಜಿಗವಾಗಿತ್ತು. ಅರಬರು ಆ ಅಂಕಿಗಳನ್ನು ಹಿಂದ್ ಅಂಕಿಗಳೆಂದೇ ಕರೆಯುತ್ತಾರೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಈ ಸೋಜಿಗ ಬಹಳ ದಿನ ಬಾಳಲಿಲ್ಲ. ಮೇಲಿನ ತರಗತಿಯಲ್ಲಿ ಲೆಕ್ಕವೆಂದರೆ ಕರಿಹಲಗೆಯ ಮುಂದೆ ನಿಲ್ಲುವುದು, ತಪ್ಪಿದರೆ ಅಂಗೈ ಚಾಚುವುದು ಎಂದಾಯಿತು. ಆಟದ ಬಯಲಿನಲ್ಲಿ ಚೌಕಾಬಾರ ಆಡುವಾಗ ಎಷ್ಟು ಬಿದ್ದರೆ ಯಾವ ಕಾಯಿ ಹಣ್ಣಾಗುತ್ತದೆಂದು ಕ್ಷಣದಲ್ಲಿ ಹೇಳುತ್ತಿದ್ದ ಗೆಳೆಯ ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅಳಿಗುಳಿಮನೆಯ ಹದಿನಾಲ್ಕು ಗುಳಿಗಳಲ್ಲಿ ಕಾಳು ಹಂಚುತ್ತ, ಕೊನೆಯ ಕಾಳು ಎಲ್ಲಿ ಬೀಳುವುದೆಂದು ಮೊದಲೇ ಕಂಡುಕೊಳ್ಳುತ್ತಿದ್ದ ಹೆಣ್ಣುಮಕ್ಕಳು ಗಣಿತದಲ್ಲಿ ನಪಾಸಾಗಿ ಶಾಲೆ ಬಿಟ್ಟರು.

ಇನ್ನು ಹಳೇಬೀಡಿಗೆ ಬರೋಣ. ಆಗಿನ ಹೆಸರು ದೋರಸಮುದ್ರ, ಹೊಯ್ಸಳರ ರಾಜಧಾನಿ. ಹೊಯ್ಸಳೇಶ್ವರ ಗುಡಿಯ ಕೆಲಸ ಶುರುವಾದದ್ದು 1121ರ ಸುಮಾರಿಗೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬಂದವರು ಶಿಲಾಬಾಲಿಕೆಯರ ಒಡವೆ ನೋಡಿ ಬೆರಗಾಗುತ್ತಾರೆ. ಗುಡಿಯ ತಳವಿನ್ಯಾಸವನ್ನು ನೋಡುವವರು ಕಡಿಮೆ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ಸಮನಾಗಿ ತಿರುಗಿಸುತ್ತ ನಾಲ್ಕು ಸಲ ಗುರುತು ಮಾಡಿದರೆ ಹದಿನಾರು ಮೂಲೆಯ ನಕ್ಷತ್ರ ಸಿಗುತ್ತದೆ. ಹೊಯ್ಸಳ ಗುಡಿಗಳ ನಕ್ಷತ್ರದ ಹಿಂದಿನ ಗುಟ್ಟು ಇದೇ ಬಗೆಯದು. ಅರಸೀಕೆರೆಯ ಈಶ್ವರ ಗುಡಿಯಲ್ಲೂ ಆ ನಕ್ಷತ್ರವನ್ನು ಕಾಣಬಹುದು. ಕಲ್ಲಿನ ಕೆಳಗೆ ತಮ್ಮ ಹೆಸರು ಕೊರೆದುಕೊಂಡ ಆ ಕುಶಲಿಗಳಿಗೆ ಹಗ್ಗ, ಗೂಟ, ಸುಣ್ಣದ ಗೆರೆಗಳೇ ಗಣಿತದ ಪುಸ್ತಕವಾಗಿದ್ದಿರಬೇಕು.

ಅಕ್ಷರದ ಪುಸ್ತಕವನ್ನು ಬರೆದವನೂ ಒಬ್ಬನಿದ್ದ. ಅವನ ಹೆಸರು ರಾಜಾದಿತ್ಯ. ಜೈನ ಕವಿ. ಪೂವಿನಬಾಗೆ ಅವನ ಊರು, ಶುಭಚಂದ್ರ ಅವನ ಗುರು. ಕರ್ನಾಟಕ ಕವಿಚರಿತೆಯನ್ನು ಬರೆದ ಆರ್. ನರಸಿಂಹಾಚಾರ್ಯರು ಅವನನ್ನು ವಿಷ್ಣುವರ್ಧನನ ಕಾಲಕ್ಕೆ ಸೇರಿಸಿದರು. ವೀರಬಲ್ಲಾಳನ ಕಾಲಕ್ಕೆ ತರುವವರೂ ಇದ್ದಾರೆ. ಹೇಗೇ ನೋಡಿದರೂ 12ನೇ ಶತಮಾನ. ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಚಿತ್ರಹಸುಗೆ, ಲೀಲಾವತಿ ಎಂದು ಸಾಲುಸಾಲಾಗಿ ಬರೆದವನು. ಕನ್ನಡದಲ್ಲಿ ಗಣಿತ ಬರೆದವರಲ್ಲಿ ನಮಗೆ ತಿಳಿದಿರುವ ಮೊದಲಿಗ ಇವನೇ.

ರಾಜಾದಿತ್ಯ ಮಾಡಿದ ದೊಡ್ಡ ಕೆಲಸ ಹೊಸ ಸೂತ್ರವನ್ನು ಕಂಡುಹಿಡಿದದ್ದಲ್ಲ. ಪಂಡಿತರ ಸಂಸ್ಕೃತದಲ್ಲಿದ್ದ ವಿದ್ಯೆಯನ್ನು ಸಂತೆ, ಹೊಲ, ಅಂಗಡಿಯ ಮಾತಿಗೆ ತಂದದ್ದು. ನಿಯಮವನ್ನು ಪದ್ಯದಲ್ಲಿ ಕಟ್ಟಿದ, ನೆನಪಿನಲ್ಲಿ ಉಳಿಯಲಿ ಎಂದು. ಅದರ ಬೆನ್ನಿಗೆ ಟೀಕೆ ಮತ್ತು ಉದಾಹರಣೆ ಕೊಟ್ಟ, ಅರ್ಥವಾಗಲಿ ಎಂದು. ತ್ರೈರಾಶಿಕವೆಂದರೆ ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು ಎಂಬ ದಿನನಿತ್ಯದ ಪ್ರಶ್ನೆ ತಾನೇ. ಬಡ್ಡಿ, ಚಿನ್ನದ ಬೆರಕೆ, ಹೊಲದ ಅಳತೆ ಅರಿಯದವನು ಅರಿತವನ ಕೈಯಲ್ಲಿ ಮೋಸಹೋಗುತ್ತಾನೆ. ಪುಸ್ತಕಕ್ಕೆ ‘ವ್ಯವಹಾರ’ ಎಂದು ಹೆಸರಿಟ್ಟದ್ದರಲ್ಲೇ ಅವನ ನಿಲುವಿದೆ.

ರಾಜಾದಿತ್ಯನ ಹಿಂದೆ ಇನ್ನೊಬ್ಬ ದೊಡ್ಡವನಿದ್ದ, ಮಹಾವೀರಾಚಾರ್ಯ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ಬರೆದವನು. ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಈ ಗ್ರಂಥವನ್ನು ಅಚ್ಚು ಹಾಕಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಬಂತು. ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ, ಎಲ್ಲದರಲ್ಲೂ ಗಣಿತವಿದೆ ಎಂದು ಪುಸ್ತಕದ ಆರಂಭದಲ್ಲೇ ಸಾರುವ ಮಹಾವೀರ ಅಡುಗೆಯನ್ನು ಬಿಟ್ಟಿಲ್ಲ ಎಂಬುದು ನಮಗೆ ಬಹಳ ಹಿಡಿಸಿತು.

ಆ ಪುಸ್ತಕ ತುಂಬ ಒಗಟುಗಳಿವೆ. ಒಂದರಲ್ಲಿ ಪ್ರಣಯದ ಜಗಳದಲ್ಲಿ ಹೆಣ್ಣಿನ ಮುತ್ತಿನ ಹಾರ ಕಿತ್ತುಹೋಗುತ್ತದೆ. ಮೂರನೇ ಒಂದು ಭಾಗ ದಾಸಿಯ ಕೈಗೆ ಸಿಗುತ್ತದೆ, ಆರನೇ ಒಂದು ಭಾಗ ಹಾಸಿಗೆಯ ಮೇಲೆ ಬೀಳುತ್ತದೆ. ಉಳಿದದ್ದರಲ್ಲಿ ಅರ್ಧ, ಮತ್ತೆ ಅರ್ಧ, ಹೀಗೆ ಆರು ಸಲ ಚೆಲ್ಲಿಹೋಗಿ ದಾರದಲ್ಲಿ 1,161 ಮುತ್ತು ಉಳಿಯುತ್ತವೆ. ಒಟ್ಟು ಎಷ್ಟಿದ್ದವು? ಉತ್ತರ 1,48,608. ಇನ್ನೊಂದು ಕಡೆ ಅವನು ‘ಹಾರ’ದಂಥ ಸಂಖ್ಯೆಗಳನ್ನು ಪೋಣಿಸುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 27994681ನ್ನು 441ರಿಂದ ಗುಣಿಸಿದರೆ 12345654321, ಏರಿ ಇಳಿಯುವ ಮೆಟ್ಟಿಲು. ಇದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದರೆ ಲೆಕ್ಕ ಮಾಡುವವನ ಮುಖದಲ್ಲಿ ನಗು ಮೂಡುತ್ತದೆ.

ಬಾಳೆಹಣ್ಣಿನ ಒಗಟು ಮಾದಿಹಳ್ಳಿಗೆ ಹೊಂದುವಂಥದು ಅನಿಸಿ ಖಾಲಾರ ಮುಂದಿಟ್ಟೆವು. 63 ಗುಡ್ಡೆ ಬಾಳೆಹಣ್ಣು. ಎಲ್ಲ ಗುಡ್ಡೆಯಲ್ಲೂ ಒಂದೇ ಸಮ. ಜೊತೆಗೆ ಬಿಡಿ ಹಣ್ಣು 7. ಒಟ್ಟನ್ನೂ 23 ಜನ ದಾರಿಹೋಕರು ಸಮನಾಗಿ ಹಂಚಿಕೊಂಡರು. ಒಂದು ಗುಡ್ಡೆಯಲ್ಲಿ ಎಷ್ಟು ಹಣ್ಣಿದ್ದವು? ಹಿಸಾಬ್ ಎನ್ನಲಿಲ್ಲ, ಪಹೇಲಿ ಎಂದೆವು. ಅವರು ಪತ್ರಿಕೆಯ ಅಂಚಿನಲ್ಲಿ ಬರೆದುಕೊಂಡರು. ಗುಡ್ಡೆಗೆ ಒಂದಾದರೆ ಒಟ್ಟು 70, ಹಂಚಿದ ಮೇಲೆ 1 ಉಳಿಯುತ್ತದೆ. ಎರಡಾದರೆ 133, ಉಳಿಯುವುದು 18. ಮೂರಾದರೆ 196, ಉಳಿಯುವುದು 12. ಅಲ್ಲಿಗೆ ನಿಲ್ಲಿಸಿದರು. ಸ್ವಲ್ಪ ಹೊತ್ತು ನೋಡಿ, ಆರಾರು ಇಳಿಯುತ್ತಿದೆ, ಮುಂದೆ 6 ಉಳಿಯುತ್ತದೆ, ಆಮೇಲೆ ಏನೂ ಉಳಿಯುವುದಿಲ್ಲ, ಐದು ಅಂದರು. ಐದು ಸರಿ. ತಲೆಗೆ 14 ಹಣ್ಣು. 28, 51 ಎಂದು ಇನ್ನೂ ದೊಡ್ಡ ಉತ್ತರಗಳಿವೆ, ಅತಿ ಚಿಕ್ಕದು 5.

ಈ ಬಗೆಯ ಲೆಕ್ಕಕ್ಕೆ ನಮ್ಮ ಹಳೆಯ ಗಣಿತಜ್ಞರು ಇಟ್ಟ ಹೆಸರು ಕುಟ್ಟಕ. ದೊಡ್ಡ ಸಂಖ್ಯೆಯನ್ನು ಕುಟ್ಟಿ ಕುಟ್ಟಿ ಪುಡಿ ಮಾಡುತ್ತ ಚಿಕ್ಕದಕ್ಕೆ ತರುವ ವಿಧಾನ. ಖಾಲಾ ಶೇಷಗಳನ್ನು ನೋಡಿ, ಇಳಿಕೆಯ ಕ್ರಮವನ್ನು ಹಿಡಿದು, ಮುಂದಿನದನ್ನು ಮಾಡದೆಯೇ ಕಂಡರು. ಇದು ಗಣಿತವಲ್ಲದಿದ್ದರೆ ಗಣಿತ ಯಾವುದು?

ಇಷ್ಟು ದೊಡ್ಡ ಮಹಾವೀರನೂ ಎಡವಿದ್ದಾನೆ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಬರೆದ, ಅದು ತಪ್ಪು. ಆ ಒಂದು ತಪ್ಪಿಗಾಗಿ ಯಾರೂ ಅವನ ಪುಸ್ತಕವನ್ನು ಬಿಸಾಡಲಿಲ್ಲ. ದಕ್ಷಿಣದಲ್ಲಿ ಅದು ಶತಮಾನಗಳ ಕಾಲ ಪಠ್ಯವಾಗಿ ನಡೆಯಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಶೈವನಾದ ಅವನು ಜೈನ ಉದಾಹರಣೆಗಳನ್ನು ಬಿಟ್ಟು ತನ್ನವನ್ನು ಸೇರಿಸಿದ. ದೇವರು ಬದಲಾದರು, ಲೆಕ್ಕ ಬದಲಾಗಲಿಲ್ಲ.

ನೃಪತುಂಗನ ರಾಜ್ಯದ ಸುದ್ದಿ ಆಗ ಅರಬ್ ವ್ಯಾಪಾರಿಗಳಿಗೂ ತಲುಪಿತ್ತು. 851ರ ಒಂದು ಅರಬ್ಬಿ ಬರಹ ಲೋಕದ ನಾಲ್ವರು ದೊಡ್ಡ ದೊರೆಗಳಲ್ಲಿ ‘ಬಲ್ಹರಾ’ನನ್ನು, ಅಂದರೆ ವಲ್ಲಭರಾಜನೆಂಬ ಬಿರುದಿನ ರಾಷ್ಟ್ರಕೂಟ ದೊರೆಯನ್ನು, ಎಣಿಸುತ್ತದೆ. ಹಡಗುಗಳು ಮೆಣಸನ್ನಷ್ಟೇ ಹೊತ್ತು ಹೋಗಲಿಲ್ಲ. ಅದಕ್ಕೂ ಒಂದು ತಲೆಮಾರು ಮೊದಲೇ ಬಗ್ದಾದಿನಲ್ಲಿ ಖಲೀಫ ಅಲ್-ಮಾಮೂನನ ಕಾಲದ ಅಲ್-ಖ್ವಾರಿಜ್ಮಿ ಹಿಂದ್ ಅಂಕಿಗಳ ಲೆಕ್ಕದ ಬಗ್ಗೆ ಪುಸ್ತಕ ಬರೆದಿದ್ದ. ಅವನ ಹೆಸರೇ ಯುರೋಪಿಗೆ ಹೋಗಿ ಅಲ್ಗಾರಿದಮ್ ಆಯಿತು. ಅವನ ಇನ್ನೊಂದು ಪುಸ್ತಕದ ಹೆಸರಿನಲ್ಲಿದ್ದ ಅಲ್-ಜಬ್ರ್ ಎಂಬ ಪದ ಆಲ್ಜೀಬ್ರಾ ಆಯಿತು. ಜಬ್ರ್ ಎಂದರೆ ಮುರಿದದ್ದನ್ನು ಕೂಡಿಸುವುದು. ಮುರಿದ ಮೂಳೆಯನ್ನು ಕಟ್ಟುವುದಕ್ಕೂ ಅದೇ ಪದ. ನಮ್ಮನ್ನು ಹೈಸ್ಕೂಲಿನಲ್ಲಿ ಹೆದರಿಸಿದ ಬೀಜಗಣಿತ ಒಂದು ಕಾಲಕ್ಕೆ ಹಳ್ಳಿಯ ಮೂಳೆ ಕಟ್ಟುವವನ ನೆಂಟ.

ಆ ಪುಸ್ತಕವನ್ನು ಅಲ್-ಖ್ವಾರಿಜ್ಮಿ ಬರೆದದ್ದು ಯಾರಿಗಾಗಿ? ಆಸ್ತಿ ಪಾಲು, ಉಯಿಲು, ವ್ಯಾಪಾರ, ಭೂಮಿಯ ಅಳತೆ, ಕಾಲುವೆಯ ಕೆಲಸಗಳಲ್ಲಿ ಜನರಿಗೆ ಬೇಕಾಗುವುದನ್ನು ಕೊಡುತ್ತೇನೆ ಎಂದು ಅವನೇ ಮುನ್ನುಡಿಯಲ್ಲಿ ಹೇಳುತ್ತಾನೆ. ಪುಸ್ತಕದ ದೊಡ್ಡ ಭಾಗ ಪಾಲಿನ ಲೆಕ್ಕವೇ. ರಾಜಾದಿತ್ಯನ ‘ವ್ಯವಹಾರ’ಕ್ಕೂ ಇದಕ್ಕೂ ಎಷ್ಟು ಹೋಲಿಕೆ!

ಪಾಲಿನ ಲೆಕ್ಕ ಸುಲಭದ್ದಲ್ಲ. ಹೆಣ್ಣೊಬ್ಬಳು ಗಂಡನನ್ನೂ ಇಬ್ಬರು ಒಡಹುಟ್ಟಿದ ಅಕ್ಕತಂಗಿಯರನ್ನೂ ಬಿಟ್ಟು ತೀರಿಕೊಂಡಳು, ಬೇರೆ ವಾರಸುದಾರರಿಲ್ಲ. ಗಂಡನಿಗೆ ಅರ್ಧ, ಸೋದರಿಯರಿಗೆ ಸೇರಿ ಮೂರರಲ್ಲಿ ಎರಡು. ಅರ್ಧವೆಂದರೆ ಆರರಲ್ಲಿ ಮೂರು, ಮೂರರಲ್ಲಿ ಎರಡೆಂದರೆ ಆರರಲ್ಲಿ ನಾಲ್ಕು. ಕೂಡಿದರೆ ಆರರಲ್ಲಿ ಏಳು! ಇರುವುದಕ್ಕಿಂತ ಹೆಚ್ಚನ್ನು ಹಂಚುವುದು ಹೇಗೆ? ಖಲೀಫ ಉಮರ್ ಅವರ ಕಾಲದಲ್ಲಿ ಸಹಾಬಿಗಳು ಕೂತು ಚರ್ಚಿಸಿ, ಆಸ್ತಿಯನ್ನು ಆರರ ಬದಲು ಏಳು ಮಾಡಿ, ಗಂಡನಿಗೆ ಮೂರು, ಸೋದರಿಯರಿಗೆ ನಾಲ್ಕು ಎಂದು ಹಂಚಿದರು. ಎಲ್ಲರ ಪಾಲೂ ಒಂದೇ ಪ್ರಮಾಣದಲ್ಲಿ ತಗ್ಗಿತು. ಇದಕ್ಕೆ ಔಲ್ ಎಂದು ಹೆಸರು. ಇಬ್ನ್ ಅಬ್ಬಾಸ್ ಇದನ್ನು ಒಪ್ಪಲಿಲ್ಲ ಎಂಬುದೂ ದಾಖಲಾಗಿದೆ. ಪವಿತ್ರವಾದ ವಿಷಯದಲ್ಲೂ ಸಂಖ್ಯೆಯ ಮುಂದೆ ಯೋಚಿಸಬೇಕು, ವಾದಿಸಬೇಕು ಎಂದು ಅವರು ತಿಳಿದಿದ್ದರು.

ಹದಿನೇಳು ಒಂಟೆಗಳ ಕಥೆಯನ್ನು ನಮ್ಮಲ್ಲಿ ಅನೇಕರು ಕೇಳಿದ್ದಾರೆ. ಒಬ್ಬನಿಗೆ ಅರ್ಧ, ಇನ್ನೊಬ್ಬನಿಗೆ ಮೂರನೇ ಒಂದು, ಮತ್ತೊಬ್ಬನಿಗೆ ಒಂಬತ್ತನೇ ಒಂದು. ಜಾಣನೊಬ್ಬ ತನ್ನ ಒಂಟೆಯನ್ನು ಸೇರಿಸಿ 18 ಮಾಡಿ 9, 6, 2 ಎಂದು ಹಂಚಿ, ಉಳಿದ ತನ್ನ ಒಂಟೆಯನ್ನು ಹತ್ತಿ ಹೊರಟುಹೋದ. ಶಾಲೆಯಲ್ಲಿ ಇದನ್ನು ಕೇಳಿ ಎಲ್ಲರೂ ವಾಹ್ ಅಂದೆವು. ಯಾಕೆ ಹಾಗಾಯಿತು ಎಂದು ಯಾರೂ ಕೇಳಲಿಲ್ಲ. ಅರ್ಧ, ಮೂರನೇ ಒಂದು, ಒಂಬತ್ತನೇ ಒಂದು ಕೂಡಿದರೆ ಪೂರ್ತಿ ಒಂದಾಗುವುದಿಲ್ಲ, ಹದಿನೆಂಟರಲ್ಲಿ ಹದಿನೇಳಾಗುತ್ತದೆ. ಕೊರತೆ ಉಯಿಲಿನಲ್ಲೇ ಇತ್ತು. ವಾಹ್ ಎನ್ನುವುದು ಒಂದು ಧೋರಣೆ, ಯಾಕೆ ಎನ್ನುವುದು ಇನ್ನೊಂದು. ನಮ್ಮ ಸಮಾಜ ಮೊದಲನೆಯದನ್ನು ಹೆಚ್ಚು ಕಲಿಸಿದೆ.

ಬೆರಗಿಗೆ ಇನ್ನೊಂದು ರೂಪವೂ ಇದೆ. ಮೂರು ಮನೆ ಉದ್ದ, ಮೂರು ಮನೆ ಅಗಲದ ಚೌಕದಲ್ಲಿ ಒಂದರಿಂದ ಒಂಬತ್ತು ಬರೆದು, ಯಾವ ಕಡೆಯಿಂದ ಕೂಡಿದರೂ 15 ಬರುವಂತೆ ಮಾಡುವ ನಕ್ಷೆ ತಾವೀಜಿನೊಳಗೆ ಬಹುಕಾಲದಿಂದ ಇದೆ. ಹೆರಿಗೆ ಸುಲಭವಾಗಲೆಂದು ಅದನ್ನು ಬಳಸುತ್ತಿದ್ದುದನ್ನು ಇಮಾಮ್ ಗಝಾಲಿ ಪ್ರಸ್ತಾಪಿಸಿದ್ದಾರೆ. ನೆರೆಮನೆಯ ಹಿಂದೂಗಳ ಸೂರ್ಯ ಯಂತ್ರದಲ್ಲಿರುವುದೂ ಅದೇ ಒಂಬತ್ತು ಅಂಕಿ, ಅದೇ 15. ಸಾಲಿನಲ್ಲಾಗಲಿ ಕಂಬದಲ್ಲಾಗಲಿ ಒಂದೇ ಗುರುತು ಎರಡು ಸಲ ಬಾರದ ಚೌಕಗಳೂ 13ನೇ ಶತಮಾನದ ಅಲ್-ಬೂನಿಯ ಹೆಸರಿನಲ್ಲಿ ಬಂದ ತಾವೀಜುಗಳಲ್ಲಿವೆ. ಅವು ಸುಡೊಕುವಿನ ಮುತ್ತಜ್ಜಿಯರು. ಕೊರಳಲ್ಲಿ ಕಟ್ಟಿಕೊಂಡವರು ಎಷ್ಟೋ ಜನ, ಬಿಚ್ಚಿ ಕೂಡಿ ನೋಡಿದವರು ಕೆಲವರು.

ಶಕುಂತಲಾ ದೇವಿಯವರ ವಿಷಯದಲ್ಲೂ ಹಾಗೆಯೇ ಆಯಿತು. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ಸರ್ಕಸ್ಸಿನವರು, ಮಗಳಿಗೆ ಶಾಲೆಯ ಓದಿಲ್ಲ. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದರು. ಅವರು ಜನರಿಗಾಗಿ ಒಗಟಿನ ಪುಸ್ತಕಗಳನ್ನೂ ಬರೆದರು. ನಾವು ಪವಾಡವನ್ನು ನೆನಪಿಟ್ಟುಕೊಂಡು ಒಗಟುಗಳನ್ನು ಮರೆತೆವು. ಪವಾಡವೆಂದು ಕೈಮುಗಿದರೆ ಅದನ್ನು ಕಲಿಯುವ ಹೊಣೆ ತಪ್ಪುತ್ತದಲ್ಲ!

ಆಟವನ್ನೇ ಆಸರೆ ಮಾಡಿಕೊಂಡ ದೊರೆಯೊಬ್ಬರೂ ನಮ್ಮಲ್ಲಿದ್ದರು. 1799ರಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದ ಮೇಲೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಇಂಗ್ಲಿಷರು ಮೈಸೂರಿನ ಗದ್ದುಗೆಯಲ್ಲಿ ಕೂರಿಸಿದರು. 1831ರಲ್ಲಿ ಆಡಳಿತವನ್ನು ತಾವೇ ಕಿತ್ತುಕೊಂಡರು. ಬಿರುದು ಉಳಿಯಿತು, ರಾಜ್ಯ ಉಳಿಯಲಿಲ್ಲ. ಆ ದಿನಗಳಲ್ಲಿ ಅವರು ಚದುರಂಗದ ಕುದುರೆಯನ್ನು ಹಿಡಿದು ಕೂತರು. ಕುದುರೆ ತನ್ನ ಸೊಟ್ಟ ನಡೆಯಲ್ಲೇ 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಬೇಕು. ಇದು 9ನೇ ಶತಮಾನದ ಬಗ್ದಾದಿನ ಅಲ್-ಅದ್ಲಿಗೂ ಕಾಶ್ಮೀರದ ರುದ್ರಟನಿಗೂ ಗೊತ್ತಿದ್ದ ಆಟ. ಮುಮ್ಮಡಿಯವರು ಇನ್ನೂ ಮುಂದೆ ಹೋದರು. ಕುದುರೆಯ ನಡೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದರೆ ಪ್ರತಿ ಸಾಲು, ಪ್ರತಿ ಕಂಬ ಕೂಡಿ 260 ಬರುವಂಥ ದಾರಿಯನ್ನು ಕಂಡುಹಿಡಿದು 1852ರಲ್ಲಿ ಪ್ರಕಟಿಸಿದರು. ಅಂಥ ಮೊದಲ ದಾರಿಯನ್ನು ವಿಲಿಯಂ ಬೆವರ್ಲಿ ಎಂಬ ಇಂಗ್ಲಿಷನು ಪ್ರಕಟಿಸಿ ಆಗ ನಾಲ್ಕೇ ವರ್ಷ ಆಗಿತ್ತು. ಅಂಥವು ಒಟ್ಟು 140 ಇವೆ, ಮೂಲೆಯಿಂದ ಮೂಲೆಗೆ ಕೂಡಿದರೂ 260 ಬರುವಂಥದು ಒಂದೂ ಇಲ್ಲ ಎಂದು ಖಚಿತವಾದದ್ದು 2003ರಲ್ಲಿ, ಕಂಪ್ಯೂಟರು ಎರಡು ತಿಂಗಳು ಹುಡುಕಿದ ಮೇಲೆ.

ಅರಸರಿಗೆ ಇದು ರಾಜ್ಯ ಹೋದ ಮೇಲಿನ ವಿನೋದವಾಗಿತ್ತೇ, ತನ್ನ ಮಾತು ನಡೆಯುವ ಒಂದಾದರೂ ಜಾಗ ಇರಲಿ ಎಂಬ ಹಟವಾಗಿತ್ತೇ? ಖಾಲಾರನ್ನು ನೋಡುವಾಗ ನಮಗೆ ಎರಡನೆಯದೇ ಸರಿ ಎನಿಸುತ್ತದೆ. ಬೇರೆಯವರ ಅಪ್ಪಣೆ ಇಲ್ಲದೆ, ತಾನೇ ಯೋಚಿಸಿ, ತಾನೇ ಸರಿಯೆಂದು ತಿಳಿದುಕೊಳ್ಳಬಹುದಾದ ಎಂಬತ್ತೊಂದು ಮನೆಗಳು ಅವು.

ಹೆಣ್ಣನ್ನು ಕುರಿತ ಇನ್ನೊಂದು ಮಾತನ್ನು ಬಿಡಲಾಗದು. ಭಾಸ್ಕರಾಚಾರ್ಯನ ‘ಲೀಲಾವತಿ’ 1150ರದು. 1587ರಲ್ಲಿ ಅಕ್ಬರನ ಆಸ್ಥಾನ ಕವಿ ಫೈಝಿ ಅದನ್ನು ಪಾರಸಿಗೆ ತಂದ. ನೀರಿನ ಗಡಿಯಾರದೊಳಗೆ ಮುತ್ತು ಬಿದ್ದು ಮಗಳ ಮದುವೆಯ ಮುಹೂರ್ತ ತಪ್ಪಿತೆಂದೂ, ಸಮಾಧಾನಕ್ಕಾಗಿ ತಂದೆ ಅವಳ ಹೆಸರಿನ ಪುಸ್ತಕ ಬರೆದನೆಂದೂ ಹೇಳುವ ಕಥೆ ನಮಗೆ ಗೊತ್ತಿರುವುದು ಆ ಪಾರಸಿ ಮುನ್ನುಡಿಯಿಂದಲೇ. ಕಥೆ ನಿಜವೋ ಅಲ್ಲವೋ, ಆ ಪುಸ್ತಕದ ಲೆಕ್ಕಗಳು ಒಬ್ಬ ಹೆಣ್ಣಿಗೆ ಹೇಳಿದಂತಿರುವುದಂತೂ ನಿಜ. ಹಿಂದೂ ವಿದ್ವಾಂಸ ಬರೆದದ್ದನ್ನು ಮುಸ್ಲಿಂ ಕವಿ ತನ್ನ ಭಾಷೆಗೆ ತಂದ. ನಡುವೆ ಆ ಹೆಣ್ಣುಮಗಳು ಎಲ್ಲಿ ಹೋದಳು? ಅವಳು ಉತ್ತರ ಹೇಳಿದಳೋ ಇಲ್ಲವೋ ಯಾರೂ ಬರೆದಿಟ್ಟಿಲ್ಲ.

ನಮ್ಮ ಮನೆಯ ಹೆಣ್ಣುಮಕ್ಕಳ ಉತ್ತರವನ್ನೂ ಯಾರೂ ಕೇಳಲಿಲ್ಲ. ಮೂವತ್ತು ವರ್ಷಗಳ ಹಿಂದೆ ನಮ್ಮ ನಾನಾ ತೀರಿಕೊಂಡ ಮೇಲೆ ಊರಿನ ಹಳೆಯ ಮನೆ ಮತ್ತು ಹಿತ್ತಿಲನ್ನು ಮಾರಲಾಯಿತು. ಬಂದ ಹಣ 1,60,000 ರೂಪಾಯಿ. ನಾನಿ ಇದ್ದರು, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಹಿಸಾಬ್ ಮಾಡಿದ ಹಿರಿಯರೊಬ್ಬರು ಹೆಣ್ಣುಮಕ್ಕಳಿಗೆ ಐದೈದು ಸಾವಿರ ಕೊಟ್ಟು, ಇದು ದೊಡ್ಡ ತೊಡಕಿನ ಲೆಕ್ಕ, ನಿಮಗೆ ತಿಳಿಯುವುದಿಲ್ಲ, ಸಹಿ ಹಾಕಿ ಅಂದರು. ಮೂವರೂ ಹಾಕಿದರು. ನಮ್ಮ ತಾಯಿಯೂ ಹಾಕಿದರು.

ಬಾಳೆಹಣ್ಣಿನ ಒಗಟು ಬಿಡಿಸಿದ ದಿನವೇ ನಾವು ಇದನ್ನೂ ಒಗಟಿನಂತೆಯೇ ಖಾಲಾರ ಮುಂದಿಟ್ಟೆವು. ಹೆಂಡತಿಗೆ ಎಂಟರಲ್ಲಿ ಒಂದು, ಉಳಿದದ್ದರಲ್ಲಿ ಗಂಡಿಗೆ ಎರಡಾದರೆ ಹೆಣ್ಣಿಗೆ ಒಂದು, ಇಷ್ಟೇ ನಿಯಮ ಅಂದೆವು. ಅವರು ಎಂಟು ಗೆರೆ ಎಳೆದರು. ಒಂದನ್ನು ಅಮ್ಮನಿಗೆಂದು ಹೊಡೆದುಹಾಕಿದರು. ಉಳಿದದ್ದು ಏಳು. ಅಣ್ಣಂದಿರಿಗೆ ಎರಡೆರಡು, ನಾಲ್ಕು. ತಮಗೆ ಮೂವರಿಗೆ ಒಂದೊಂದು, ಮೂರು. ಏಳೂ ಮುಗಿಯಿತು. ಎಂಟರಲ್ಲಿ ಒಂದು ಅಂದರೆ ಇಪ್ಪತ್ತು ಸಾವಿರ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಆ ದಿನದ ಸುಡೊಕುವಿಗಿಂತ ಎಷ್ಟೋ ಸುಲಭದ್ದು.

ಅವರು ಸುಮಾರು ಹೊತ್ತು ಆ ಎಂಟು ಗೆರೆಗಳನ್ನೇ ನೋಡುತ್ತಿದ್ದರು. “ಇತ್ತಾಚ್ ಥಾ ಕ್ಯಾ?” ಅಂದರು. ಇಷ್ಟೇ ಇತ್ತೇ? ಸಿಟ್ಟಿನಿಂದಲ್ಲ. ಸಹಿ ಹಾಕಿಸಿದವರು ಈಗಿಲ್ಲ, ಹಣವೂ ಇಲ್ಲ. ಅಂದು ತಮಗೆ ತಿಳಿಯುವುದಿಲ್ಲ ಎಂದದ್ದನ್ನು ಮೂವತ್ತು ವರ್ಷ ನಂಬಿಕೊಂಡು ಬಂದೆವಲ್ಲ ಎಂಬುದು ಅವರಿಗೆ ಹೆಚ್ಚು ನೋವು ತಂದಂತಿತ್ತು.

ಲೆಕ್ಕ ಬಾರದು ಎಂಬುದು ಎಷ್ಟೋ ಸಲ ನಾವೇ ಕಂಡುಕೊಂಡ ಸತ್ಯವಲ್ಲ, ನಮಗೆ ಯಾರೋ ಹೇಳಿಕೊಟ್ಟ ಮಾತು. ಹೆದರಿಸುವ ಬೆತ್ತ, ಕೈಮುಗಿಸುವ ಪವಾಡ, ಬಿಚ್ಚಬಾರದ ತಾವೀಜು, ಮೂರೂ ಸೇರಿ ಅದನ್ನು ನಮ್ಮ ಬಾಯಲ್ಲಿ ಇಟ್ಟಿವೆ. ಹೆಣ್ಣುಮಕ್ಕಳ ಬಾಯಲ್ಲಿ ಇನ್ನೂ ಗಟ್ಟಿಯಾಗಿ ಇಟ್ಟಿವೆ. ಮಹಾವೀರನಿಗೆ, ಅಲ್-ಖ್ವಾರಿಜ್ಮಿಗೆ, ದೋರಸಮುದ್ರದ ದಿನಗಳ ರಾಜಾದಿತ್ಯನಿಗೆ ಆಟ, ವ್ಯಾಪಾರ, ನ್ಯಾಯ ಎಲ್ಲ ಒಂದೇ ಅಂಗಳದಲ್ಲಿದ್ದವು. ನಡುವಿನ ಗೋಡೆ ನಾವು ಕಟ್ಟಿದ್ದು.

ಹೊರಡುವಾಗ ಖಾಲಾ ಮೊಮ್ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಗಣಿತ ಪುಸ್ತಕವನ್ನು ಕೆಳಗಿರಿಸಿ, 63 ಗುಡ್ಡೆ ಬಾಳೆಹಣ್ಣಿನ ಪಹೇಲಿ ಹೇಳುತ್ತಿದ್ದರು. ಉತ್ತರ ಹೇಳಿಕೊಡಬೇಡಿ ಎಂದು ನಮಗೆ ಕಣ್ಣಿನಲ್ಲೇ ಗದರಿದರು.